ಮಳೆಯಿಲ್ಲದೆ ಮೂಡಿದ ಕಾಮನಬಿಲ್ಲು

ಮುಂಗಾರು ಶುರುವಾಯಿತೆಂದರೆ ನನಗೆ ಬರುವ ಪತ್ರಗಳಲ್ಲೂ ಕಾಮನಬಿಲ್ಲು ಮೂಡತೊಡಗುತ್ತದೆ. ‘ಕಾಮನಬಿಲ್ಲು ಯಾಕೆ ಬಾಗಿರುತ್ತದೆ?’, ‘ಅದರ ತುದಿ ಎಲ್ಲಿ ನೆಲ ಮುಟ್ಟುತ್ತದೆ?’, ‘ಮಧ್ಯಾಹ್ನ ಊಟದ ಬಿಡುವಿನಲ್ಲಿ ಅದು ಯಾಕೆ ಬರುವುದಿಲ್ಲ?’ ಎಂದೆಲ್ಲ ಮಕ್ಕಳು ಕೇಳುತ್ತಾರೆ. ಎಲ್ಲಕ್ಕೂ ಒಟ್ಟಿಗೆ ಒಂದು ವಾರ ಉತ್ತರ ಬರೆಯೋಣವೆಂದು ಪತ್ರಗಳನ್ನು ಕೂಡಿಡುತ್ತಿದ್ದೆ. ಅಷ್ಟರಲ್ಲಿ ಏಳನೇ ತರಗತಿಯ ಹುಡುಗಿಯೊಬ್ಬಳಿಂದ ಒಂದು ಪತ್ರ ಬಂತು. ಅದರಲ್ಲಿದ್ದದ್ದು ಇಷ್ಟೇ:

‘ಸರ್, ನಮ್ಮ ಅಜ್ಜನಿಗೆ ರಾತ್ರಿ ಬೀದಿದೀಪದ ಸುತ್ತ ಕಾಮನಬಿಲ್ಲು ಕಾಣುತ್ತದೆಯಂತೆ. ಬಳೆಯ ಹಾಗೆ ದುಂಡಗೆ, ಬಣ್ಣಬಣ್ಣವಾಗಿ. ಮಳೆ ಇಲ್ಲದ ದಿನವೂ ಕಾಣುತ್ತದೆಯಂತೆ. ನಾನು ಪಕ್ಕದಲ್ಲೇ ನಿಂತು ನೋಡಿದರೂ ನನಗೆ ಬರೀ ದೀಪ ಕಾಣುತ್ತದೆ. ನನಗೂ ಕಾಣಬೇಕಾದರೆ ಏನು ಮಾಡಬೇಕು?’

ಪತ್ರದ ಕೊನೆಯಲ್ಲಿ ಅವಳ ಅಪ್ಪನ ಫೋನ್ ನಂಬರ್ ಇತ್ತು. ಈ ಅಂಕಣ ಅಚ್ಚಾಗಿ ಅವರ ಮನೆ ತಲುಪುವವರೆಗೆ ಕಾಯುವುದು ಬೇಡವೆನಿಸಿ ಅಂದೇ ಫೋನ್ ಮಾಡಿದೆ. ‘ನಾಳೆಯೇ ಅಜ್ಜನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ದೀಪದ ಸುತ್ತ ಬಣ್ಣದ ಬಳೆ ಕಾಣುತ್ತದೆ ಎಂಬ ಮಾತನ್ನು ಮರೆಯದೆ ಹೇಳಿ’ ಎಂದೆ.

ಕಾಮನಬಿಲ್ಲಿಗೂ ಕಣ್ಣಿನ ಡಾಕ್ಟರಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಅದು ಗೊತ್ತಾಗಬೇಕಾದರೆ ನಿಜವಾದ ಕಾಮನಬಿಲ್ಲು ಹೇಗೆ ಹುಟ್ಟುತ್ತದೆ ಎಂಬುದು ಮೊದಲು ಗೊತ್ತಿರಬೇಕು. ಅದರ ಗುರುತುಗಳು ತಿಳಿದಿದ್ದರೆ, ಕಾಮನಬಿಲ್ಲಿನ ಹಾಗೆ ಕಂಡರೂ ಕಾಮನಬಿಲ್ಲು ಅಲ್ಲದ್ದನ್ನು ಪತ್ತೆ ಹಚ್ಚುವುದು ಸುಲಭ.

ಒಂದು ಹನಿಯೊಳಗೆ ನಡೆಯುವುದು

ಬಿಸಿಲು ಬಿಳಿಯಾಗಿ ಕಂಡರೂ ಅದರಲ್ಲಿ ಎಲ್ಲ ಬಣ್ಣಗಳೂ ಬೆರೆತಿವೆ. ಬೆಳಕು ಗಾಳಿಯಿಂದ ನೀರಿಗೆ ಹೊಕ್ಕಾಗ ದಾರಿ ಬಾಗುತ್ತದೆ. ನೀರು ತುಂಬಿದ ಲೋಟದಲ್ಲಿ ಚಮಚ ಮುರಿದ ಹಾಗೆ ಕಾಣುವುದು ಇದರಿಂದಲೇ. ಪಾಠದಲ್ಲಿ ಇದನ್ನು ವಕ್ರೀಭವನ ಎನ್ನುತ್ತಾರೆ. ಎಲ್ಲ ಬಣ್ಣಗಳೂ ಒಂದೇ ಸಮನೆ ಬಾಗುವುದಿಲ್ಲ. ಕೆಂಪು ಸ್ವಲ್ಪ ಕಡಿಮೆ ಬಾಗುತ್ತದೆ, ನೇರಳೆ ಸ್ವಲ್ಪ ಹೆಚ್ಚು. ವ್ಯತ್ಯಾಸ ಬಹಳ ಚಿಕ್ಕದು. ಆದರೆ ಕಾಮನಬಿಲ್ಲಿನ ಬಣ್ಣಗಳೆಲ್ಲ ಆ ಚಿಕ್ಕ ವ್ಯತ್ಯಾಸದಿಂದಲೇ ಬಂದವು.

ಈಗ ಒಂದು ಮಳೆಹನಿಯನ್ನು ನೆನೆಸಿಕೊಳ್ಳಿ. ಚಿತ್ರಗಳಲ್ಲಿ ಬರೆಯುವಂತೆ ಅದಕ್ಕೆ ಚೂಪಾದ ಜುಟ್ಟು ಇರುವುದಿಲ್ಲ. ಸಣ್ಣ ಹನಿ ಗೋಲಿಯ ಹಾಗೆ ದುಂಡಗಿರುತ್ತದೆ. ಬಿಸಿಲಿನ ಕಿರಣ ಹನಿಯ ಮೇಲ್ಭಾಗದಲ್ಲಿ ಒಳಹೊಕ್ಕು ಬಾಗುತ್ತದೆ. ಹನಿಯ ಹಿಂಬದಿಯ ಗೋಡೆಗೆ ತಾಗಿ ಕನ್ನಡಿಗೆ ಬಡಿದ ಹಾಗೆ ಹಿಂದಕ್ಕೆ ಬರುತ್ತದೆ. ಕೆಳಭಾಗದಲ್ಲಿ ಹೊರಬೀಳುವಾಗ ಇನ್ನೊಮ್ಮೆ ಬಾಗುತ್ತದೆ. ಅಂದರೆ ಎರಡು ಬಾಗು, ಒಂದು ಪ್ರತಿಫಲನ. ಸೂರ್ಯನ ಕಡೆಯಿಂದ ಬಂದ ಬೆಳಕು ಹೀಗೆ ಬಹುಮಟ್ಟಿಗೆ ಸೂರ್ಯನ ಕಡೆಗೇ ತಿರುಗುತ್ತದೆ. ಕಾಮನಬಿಲ್ಲು ನೋಡಬೇಕಾದರೆ ಸೂರ್ಯನಿಗೆ ಬೆನ್ನು ಮಾಡಿ ನಿಲ್ಲಬೇಕಾದದ್ದು ಇದಕ್ಕೇ. ಸೂರ್ಯ ಬೆನ್ನ ಹಿಂದೆ, ಮಳೆ ಕಣ್ಣ ಮುಂದೆ. ಇದು ಮೊದಲನೇ ಗುರುತು.

ಇಲ್ಲಿ ಒಂದು ತೊಡಕಿದೆ. ಹನಿಯ ಮೇಲೆ ಬೀಳುವ ಕಿರಣ ಒಂದಲ್ಲ, ಲೆಕ್ಕವಿಲ್ಲದಷ್ಟು. ಕೆಲವು ನಡುವೆ ಬೀಳುತ್ತವೆ, ಕೆಲವು ಅಂಚಿನಲ್ಲಿ. ಒಂದೊಂದೂ ಒಂದೊಂದು ದಿಕ್ಕಿಗೆ ಹೊರಟರೆ ಬಣ್ಣಗಳೆಲ್ಲ ಮತ್ತೆ ಕಲಸಿ ಬಿಳಿಯಾಗಿಬಿಡಬೇಕಲ್ಲ?

ಇದಕ್ಕೆ ಉತ್ತರ ಜೋಕಾಲಿಯಲ್ಲಿದೆ. ಜೋಕಾಲಿ ಆಡುವ ಮಗುವನ್ನು ಕಣ್ಣು ಮುಚ್ಚಿಕೊಂಡು ಹತ್ತು ಸಲ ಫೋಟೋ ತೆಗೆಯಿರಿ. ಹೆಚ್ಚಿನ ಫೋಟೋಗಳಲ್ಲಿ ಮಗು ತುದಿಯ ಹತ್ತಿರ, ಎತ್ತರದಲ್ಲೇ ಇರುತ್ತದೆ. ಜೋಕಾಲಿ ನಡುವೆ ಜೋರಾಗಿ ಓಡಿ, ತಿರುಗುವ ತುದಿಯಲ್ಲಿ ನಿಧಾನವಾಗುತ್ತದೆ, ಅದಕ್ಕೆ. ಮಳೆಹನಿಯಲ್ಲೂ ಹಾಗೆಯೇ. ಕಿರಣ ಹನಿಯ ನಡುವಿನಿಂದ ಅಂಚಿನ ಕಡೆಗೆ ಸರಿದಂತೆ ಅದು ಹೊರಬೀಳುವ ಕೋನ ಸೊನ್ನೆಯಿಂದ ಹೆಚ್ಚುತ್ತ ಹೋಗಿ, ಸುಮಾರು 42 ಡಿಗ್ರಿ ಮುಟ್ಟಿ, ಮತ್ತೆ ಕಡಿಮೆಯಾಗುತ್ತದೆ. ಆ ತಿರುಗುವ ತುದಿಯಲ್ಲಿ ಬಹಳಷ್ಟು ಕಿರಣಗಳು ಗುಂಪುಗೂಡುತ್ತವೆ. ಕೆಂಪಿಗೆ ಆ ತುದಿ 42 ಡಿಗ್ರಿಯಲ್ಲಿ, ನೇರಳೆಗೆ 40ರ ಸ್ವಲ್ಪ ಮೇಲೆ. ಉಳಿದ ಬಣ್ಣಗಳದ್ದು ನಡುವೆ. ಒಂದೊಂದು ಬಣ್ಣ ಒಂದೊಂದು ಕೋನದಲ್ಲಿ ಗುಂಪುಗೂಡುವುದರಿಂದ ಅವು ಬೇರೆ ಬೇರೆಯಾಗಿ ಕಾಣುತ್ತವೆ.

ಗುಂಪುಗೂಡದ ಬೆಳಕು ಏನಾಗುತ್ತದೆ? ಅದು ಬಿಲ್ಲಿನ ಒಳಗಡೆ ಹರಡಿಕೊಂಡು ಬಿಳಿಯಾಗಿಯೇ ಉಳಿಯುತ್ತದೆ. ಮುಂದಿನ ಸಲ ಕಾಮನಬಿಲ್ಲು ಕಂಡಾಗ ಗಮನಿಸಿ: ಬಿಲ್ಲಿನ ಒಳಗಿನ ಆಕಾಶ ಹೊರಗಿನ ಆಕಾಶಕ್ಕಿಂತ ಬೆಳ್ಳಗಿರುತ್ತದೆ.

ಎರಡು ಗೇಣಿನ ಲೆಕ್ಕ

ಬಿಲ್ಲು ಬಾಗಿರುವುದಕ್ಕೂ ಈ 42 ಡಿಗ್ರಿಯೇ ಕಾರಣ. ಬಿಸಿಲಿಗೆ ಬೆನ್ನು ಮಾಡಿ ನಿಂತಾಗ ನಿಮ್ಮ ತಲೆಯ ನೆರಳು ಎಲ್ಲಿ ಬೀಳುತ್ತದೆ ನೋಡಿ. ಸೂರ್ಯ, ನಿಮ್ಮ ಕಣ್ಣು, ತಲೆಯ ನೆರಳು ಮೂರೂ ಒಂದೇ ಗೆರೆಯ ಮೇಲಿವೆ. ಆ ಗೆರೆಯಿಂದ 42 ಡಿಗ್ರಿ ದೂರದಲ್ಲಿರುವ ಯಾವ ಹನಿಯಾದರೂ ನಿಮ್ಮ ಕಣ್ಣಿಗೆ ಕೆಂಪನ್ನೇ ಕಳಿಸುತ್ತದೆ, ಅದು ಮೇಲಿರಲಿ, ಎಡಕ್ಕಿರಲಿ, ಬಲಕ್ಕಿರಲಿ. ಒಂದು ಬಿಂದುವಿನಿಂದ ಸಮದೂರದಲ್ಲಿರುವ ಚುಕ್ಕೆಗಳನ್ನೆಲ್ಲ ಸೇರಿಸಿದರೆ ಏನಾಗುತ್ತದೆ? ವೃತ್ತ! ಕಾಮನಬಿಲ್ಲು ನಿಜವಾಗಿ ಪೂರ್ತಿ ವೃತ್ತವೇ. ಕೆಳಗಿನ ಅರ್ಧಕ್ಕೆ ನೆಲ ಅಡ್ಡ ಬರುತ್ತದೆ, ಅಷ್ಟೇ. ಎತ್ತರದಲ್ಲಿ ಹಾರುವ ವಿಮಾನದ ಕಿಟಕಿಯಿಂದ ಅದೃಷ್ಟವಿದ್ದವರಿಗೆ ಇಡೀ ಬಳೆ ಕಂಡದ್ದುಂಟು.

ಇದನ್ನು ಅಳೆಯಲು ಯಾವ ಉಪಕರಣವೂ ಬೇಡ. ಕೈಯನ್ನು ಪೂರ್ತಿ ಚಾಚಿ, ಹೆಬ್ಬೆರಳು ಮತ್ತು ಕಿರುಬೆರಳನ್ನು ಅಗಲಿಸಿ ಒಂದು ಗೇಣು ಮಾಡಿ. ಆ ಗೇಣು ಆಕಾಶದಲ್ಲಿ ಸುಮಾರು 20 ಡಿಗ್ರಿ ಅಳೆಯುತ್ತದೆ. ತಲೆಯ ನೆರಳಿನಿಂದ ಎರಡು ಗೇಣು ದೂರ ಅಳೆದರೆ ಕಾಮನಬಿಲ್ಲಿನ ಹತ್ತಿರ ಬಂದಿರುತ್ತೀರಿ. ಅಜ್ಜನ ಕೈ ಉದ್ದ, ಗೇಣೂ ದೊಡ್ಡದು. ಮೊಮ್ಮಗನ ಕೈ ಗಿಡ್ಡ, ಗೇಣೂ ಚಿಕ್ಕದು. ಹಾಗಾಗಿ ಲೆಕ್ಕ ಇಬ್ಬರಿಗೂ ಹೆಚ್ಚುಕಡಿಮೆ ಒಂದೇ ಬರುತ್ತದೆ. ತಲೆಯ ನೆರಳಿನ ಸುತ್ತ ಎರಡು ಗೇಣು. ಇದು ಎರಡನೇ ಗುರುತು.

ಮಧ್ಯಾಹ್ನದ ಪ್ರಶ್ನೆಗೂ ಉತ್ತರ ಇಲ್ಲೇ ಸಿಗುತ್ತದೆ. ಸೂರ್ಯ ಮೇಲೇರಿದಷ್ಟೂ ತಲೆಯ ನೆರಳು ನಿಮ್ಮ ಕಾಲ ಬುಡಕ್ಕೆ ಬರುತ್ತದೆ, ಅದರ ಜೊತೆಗೆ ಬಿಲ್ಲೂ ಕೆಳಗಿಳಿಯುತ್ತದೆ. ಸೂರ್ಯ 42 ಡಿಗ್ರಿಗಿಂತ ಮೇಲಿದ್ದರೆ ಬಿಲ್ಲು ಪೂರ್ತಿ ನೆಲದ ಕೆಳಗೆ ಮುಳುಗಿಬಿಡುತ್ತದೆ. ಇದನ್ನು ನೆರಳಿನಿಂದಲೇ ಹೇಳಬಹುದು: ನಿಮ್ಮ ನೆರಳು ನಿಮಗಿಂತ ಸ್ವಲ್ಪ ಉದ್ದವಿದ್ದರೆ ಮಾತ್ರ ಆಕಾಶದಲ್ಲಿ ಕಾಮನಬಿಲ್ಲು ಹುಡುಕಿ. ನಾಲ್ಕು ಅಡಿ ಎತ್ತರದ ಹುಡುಗನ ನೆರಳು ಸುಮಾರು ನಾಲ್ಕೂವರೆ ಅಡಿಯಾದರೂ ಇರಬೇಕು. ನೆರಳು ಗಿಡ್ಡವಾಗಿದ್ದರೆ ಹುಡುಕಿ ಪ್ರಯೋಜನವಿಲ್ಲ.

ನಮ್ಮ ಕರ್ನಾಟಕದಲ್ಲಿ ನಡುಮಧ್ಯಾಹ್ನದ ಸೂರ್ಯ ವರ್ಷದ ಯಾವ ದಿನವೂ 42 ಡಿಗ್ರಿಗಿಂತ ಕೆಳಗಿರುವುದಿಲ್ಲ. ಡಿಸೆಂಬರ್ 21ರಂದು ಸೂರ್ಯ ಅತಿ ಕೆಳಗೆ ಹಾಯುತ್ತಾನಲ್ಲ, ಆಗಲೂ ಬೆಂಗಳೂರಿನಲ್ಲಿ ಅವನ ಎತ್ತರ 53 ಡಿಗ್ರಿ ದಾಟಿರುತ್ತದೆ. ಬಡಗಣ ತುದಿಯ ಬೀದರಿನಲ್ಲೂ 48ರ ಆಸುಪಾಸು. ಹಾಗಾಗಿ ನಮ್ಮಲ್ಲಿ ಬಯಲಿನಲ್ಲಿ ನಿಂತವರಿಗೆ ಹನ್ನೆರಡು ಗಂಟೆಗೆ ಆಕಾಶದಲ್ಲಿ ಕಾಮನಬಿಲ್ಲು ಎಂದೂ ಕಾಣದು. ಮಾರ್ಚ್, ಸೆಪ್ಟೆಂಬರ್ ತಿಂಗಳಲ್ಲಾದರೆ ಬೆಳಿಗ್ಗೆ ಸುಮಾರು ಒಂಬತ್ತು ಗಂಟೆಯೊಳಗೆ, ಇಲ್ಲವೇ ಮಧ್ಯಾಹ್ನ ಮೂರೂವರೆಯ ನಂತರ ನೋಡಬೇಕು. ಲಂಡನ್ನಿನಲ್ಲಿ ಡಿಸೆಂಬರ್ ಮಧ್ಯಾಹ್ನದ ಸೂರ್ಯ ಬರೀ 15 ಡಿಗ್ರಿ ಎತ್ತರದಲ್ಲಿರುತ್ತಾನೆ. ಅಲ್ಲಿನ ಮಕ್ಕಳು ಊಟದ ಬಿಡುವಿನಲ್ಲೂ ಕಾಮನಬಿಲ್ಲು ನೋಡಬಹುದು. 2017ರ ನವೆಂಬರ್ 30ರಂದು ತೈವಾನಿನ ತೈಪೆ ನಗರದ ಬೆಟ್ಟದ ಮೇಲೆ ಒಂದು ಕಾಮನಬಿಲ್ಲು ಬೆಳಿಗ್ಗೆ ಮೂಡಿ ಹೆಚ್ಚುಕಡಿಮೆ ಒಂಬತ್ತು ಗಂಟೆ ಕಾಲ ಉಳಿದಿತ್ತು. ಅದು ಗಿನ್ನೆಸ್ ದಾಖಲೆ. ಚಳಿಗಾಲದ ಸೂರ್ಯ ಅಲ್ಲಿ ಹೆಚ್ಚು ಮೇಲೇರದಿದ್ದದ್ದು ಅದಕ್ಕೆ ನೆರವಾಯಿತು.

ಜೋಗದಂಥ ಕಡೆ ಮೇಲೆ ನಿಂತು ಕೆಳಗಿನ ತುಂತುರನ್ನು ನೋಡುವಾಗ ಮಾತ್ರ ಈ ನಿಯಮ ಸಡಿಲವಾಗುತ್ತದೆ. ಅಲ್ಲಿ ನೆಲ ಅಡ್ಡ ಬರುವುದಿಲ್ಲವಲ್ಲ!

ಅಜ್ಜಿಯ ಮಾತು ಎಷ್ಟು ನಿಜ?

‘ಸಂಜೆ ಕಾಮನಬಿಲ್ಲು ಕಂಡರೆ ಮಳೆ ಹೋಯಿತು, ಬೆಳಿಗ್ಗೆ ಕಂಡರೆ ಮಳೆ ಬಂತು’ ಎಂದು ಹೇಳುವ ಅಜ್ಜಿಯರಿದ್ದಾರೆ. ಇದನ್ನು ಪರೀಕ್ಷಿಸೋಣ. ಬೆಳಿಗ್ಗೆ ಸೂರ್ಯ ಪೂರ್ವದಲ್ಲಿ, ಆದ್ದರಿಂದ ಬಿಲ್ಲು ಪಶ್ಚಿಮದಲ್ಲಿ. ಸಂಜೆ ಸೂರ್ಯ ಪಶ್ಚಿಮದಲ್ಲಿ, ಬಿಲ್ಲು ಪೂರ್ವದಲ್ಲಿ. ಬಿಲ್ಲು ಇರುವ ಕಡೆ ಮಳೆ ಸುರಿಯುತ್ತಿರುತ್ತದೆ. ಮುಂಗಾರಿನಲ್ಲಿ ನಮ್ಮ ಮೋಡಗಳು ಅರಬ್ಬೀ ಸಮುದ್ರದ ಕಡೆಯಿಂದ, ಪಡುವಣದಿಂದ ಬರುತ್ತವೆ. ಹಾಗಾಗಿ ಬೆಳಗಿನ ಬಿಲ್ಲು ನಮ್ಮ ಕಡೆಗೆ ಬರುತ್ತಿರುವ ಮಳೆಯನ್ನು ತೋರಿಸುತ್ತದೆ, ಸಂಜೆಯ ಬಿಲ್ಲು ನಮ್ಮನ್ನು ದಾಟಿ ಹೋದ ಮಳೆಯನ್ನು. ಅಜ್ಜಿಯ ಮಾತಿನಲ್ಲಿ ಹುರುಳಿದೆ! ಆದರೆ ಹಿಂಗಾರಿನಲ್ಲಿ ಮೋಡ ಮೂಡಣದಿಂದ ಬರುವುದುಂಟು. ಆಗ ಲೆಕ್ಕ ತಿರುಗುಮುರುಗಾಗುತ್ತದೆ. ಯಾವ ತಿಂಗಳಿನ ಬಿಲ್ಲು ಎಂದು ಅಜ್ಜಿಯನ್ನು ಕೇಳಿಕೊಳ್ಳಿ.

ಕಾಮನಬಿಲ್ಲಿನ ಗುಟ್ಟು ಬಿಡಿಸಲು ಜನ ಬಹಳ ಕಾಲದಿಂದ ತಲೆ ಕೆಡಿಸಿಕೊಂಡಿದ್ದಾರೆ. ಆರನೇ ಶತಮಾನದ ವರಾಹಮಿಹಿರ ತನ್ನ ‘ಬೃಹತ್ಸಂಹಿತೆ’ಯಲ್ಲಿ ಇಂದ್ರಧನುಸ್ಸಿಗೆಂದೇ ಒಂದು ಅಧ್ಯಾಯ ಬರೆದ. ಮೋಡ ಕವಿದ ಆಕಾಶದಲ್ಲಿ ಗಾಳಿಯಿಂದ ಚದುರಿದ ಸೂರ್ಯನ ಬಣ್ಣಬಣ್ಣದ ಕಿರಣಗಳೇ ಬಿಲ್ಲಿನಂತೆ ಕಾಣುತ್ತವೆ ಎಂಬುದು ಅವನ ವಿವರಣೆ. ಚದುರಿಸುವುದು ಗಾಳಿಯಲ್ಲ, ನೀರಹನಿ. ಆದರೂ ಬಣ್ಣ ಸೂರ್ಯನ ಕಿರಣದ್ದೇ ಎಂದದ್ದು ದೊಡ್ಡ ಮಾತು. 1300ರ ನಂತರದ ವರ್ಷಗಳಲ್ಲಿ ಪರ್ಷಿಯಾದ ಕಮಾಲುದ್ದೀನ್ ಅಲ್-ಫಾರಿಸಿ ಮತ್ತು ಜರ್ಮನಿಯ ಥಿಯೋಡೊರಿಕ್ ಎಂಬ ಸನ್ಯಾಸಿ, ಒಬ್ಬರಿಗೊಬ್ಬರು ಗೊತ್ತಿಲ್ಲದೆಯೇ, ಒಂದೇ ಉಪಾಯ ಮಾಡಿದರು. ಮಳೆಹನಿಯೊಳಗೆ ಇಣುಕಲು ಆಗುವುದಿಲ್ಲವಲ್ಲ, ಅದಕ್ಕೆ ದುಂಡನೆಯ ಗಾಜಿನ ಬುರುಡೆಗೆ ನೀರು ತುಂಬಿ ಅದನ್ನೇ ದೊಡ್ಡ ಹನಿ ಎಂದುಕೊಂಡರು. ಕಿರಣದ ದಾರಿ ಅದರಲ್ಲಿ ಸ್ಪಷ್ಟವಾಗಿ ಸಿಕ್ಕಿತು. 1637ರಲ್ಲಿ ಫ್ರಾನ್ಸಿನ ದೆಕಾರ್ತ್ ಒಂದೊಂದೇ ಕಿರಣದ ಲೆಕ್ಕ ಹಾಕಿ 42 ಡಿಗ್ರಿಯ ಬಳಿ ಅವು ಗುಂಪುಗೂಡುವುದನ್ನು ತೋರಿಸಿದ. ಬಣ್ಣಗಳು ಯಾಕೆ ಬೇರೆಯಾಗುತ್ತವೆ ಎಂಬುದನ್ನು ಪಟ್ಟಕದ ಪ್ರಯೋಗದಿಂದ ಬಿಡಿಸಿದವನು ಇಂಗ್ಲೆಂಡಿನ ನ್ಯೂಟನ್. ಮೊದಲು ಐದು ಬಣ್ಣ ಎಂದಿದ್ದ ಅವನು, ಸಂಗೀತದ ಏಳು ಸ್ವರಗಳಿಗೆ ಹೊಂದುವಂತೆ ಕಿತ್ತಳೆ ಮತ್ತು ಊದಾ ಸೇರಿಸಿ ಏಳು ಮಾಡಿದ. ನೀವು ಶಾಲೆಯಲ್ಲಿ ಬಾಯಿಪಾಠ ಮಾಡುವ ‘ವಿಬ್‌ಜಿಯಾರ್’ ಹುಟ್ಟಿದ್ದು ಹೀಗೆ. ನಿಜವಾದ ಬಿಲ್ಲಿನಲ್ಲಿ ಬಣ್ಣಗಳ ನಡುವೆ ಗೆರೆ ಎಳೆದಿರುವುದಿಲ್ಲ. ಒಂದು ಇನ್ನೊಂದರೊಳಗೆ ಕರಗುತ್ತ ಹೋಗುತ್ತದೆ.

ಜೋಡಿ ಕಾಮನಬಿಲ್ಲನ್ನು ಎಷ್ಟೋ ಮಂದಿ ನೋಡಿದ್ದೀರಿ. ಹನಿಯೊಳಗೆ ಬೆಳಕು ಒಂದರ ಬದಲು ಎರಡು ಸಲ ಪ್ರತಿಫಲಿಸಿದರೆ ಹೊರಗಡೆ, ಸುಮಾರು 51 ಡಿಗ್ರಿಯಲ್ಲಿ, ಇನ್ನೊಂದು ಮಸುಕು ಬಿಲ್ಲು ಮೂಡುತ್ತದೆ. ಅದರಲ್ಲಿ ಬಣ್ಣಗಳು ತಲೆಕೆಳಗು: ಕೆಂಪು ಒಳಗೆ, ನೇರಳೆ ಹೊರಗೆ. ಎರಡು ಬಿಲ್ಲುಗಳ ನಡುವಿನ ಆಕಾಶ ಕಪ್ಪಗಿರುತ್ತದೆ, ಏಕೆಂದರೆ ಹೀಗೆ ಒಂದು ಅಥವಾ ಎರಡು ಸಲ ಪ್ರತಿಫಲಿಸಿದ ಬೆಳಕು ಆ ಪಟ್ಟಿಯಿಂದ ನಮ್ಮ ಕಣ್ಣಿಗೆ ಬರುವುದೇ ಇಲ್ಲ. ಸುಮಾರು 1,800 ವರ್ಷಗಳ ಹಿಂದೆ ಇದನ್ನು ಗಮನಿಸಿ ಬರೆದ ಅಲೆಕ್ಸಾಂಡರ್ ಎಂಬ ಗ್ರೀಕ್ ಪಂಡಿತನ ಹೆಸರನ್ನೇ ಆ ಕಪ್ಪು ಪಟ್ಟಿಗೆ ಇಟ್ಟಿದ್ದಾರೆ.

ಪಕ್ಕಪಕ್ಕದಲ್ಲಿ ನಿಂತರೂ ಇಬ್ಬರಿಗೆ ಒಂದೇ ಬಿಲ್ಲು ಕಾಣುವುದಿಲ್ಲ ಎಂದರೆ ನಂಬುತ್ತೀರಾ? ನಿಮ್ಮ ಬಿಲ್ಲಿನ ನಡುಬಿಂದು ನಿಮ್ಮ ತಲೆಯ ನೆರಳು, ಅಜ್ಜಿಯ ಬಿಲ್ಲಿನ ನಡುಬಿಂದು ಅಜ್ಜಿಯ ತಲೆಯ ನೆರಳು. ನಿಮ್ಮ ಕಣ್ಣಿಗೆ ಕೆಂಪು ಕಳಿಸುವ ಹನಿ ಬೇರೆ, ಅಜ್ಜಿಯ ಕಣ್ಣಿಗೆ ಕಳಿಸುವ ಹನಿ ಬೇರೆ. ನೀವು ನಡೆದರೆ ನಿಮ್ಮ ಬಿಲ್ಲೂ ಜೊತೆಗೆ ನಡೆಯುತ್ತದೆ. ಅದರ ತುದಿಯನ್ನು ಯಾರೂ ಮುಟ್ಟಲಾಗದ್ದು ಇದಕ್ಕೇ. ಆದರೆ ಮಳೆ ಇಬ್ಬರ ಮುಂದೂ ಇರುವುದರಿಂದ ಒಬ್ಬರಿಗೆ ಬಿಲ್ಲು ಕಂಡರೆ ಪಕ್ಕದವರಿಗೂ ಅವರದೊಂದು ಬಿಲ್ಲು ಕಂಡೇ ಕಾಣುತ್ತದೆ. ಇದು ಮೂರನೇ ಗುರುತು. ಇದನ್ನು ನೆನಪಿಟ್ಟುಕೊಳ್ಳಿ.

ದೀಪದ ಸುತ್ತಲಿನ ಬಳೆ

ಈಗ ಅಜ್ಜನ ಬೀದಿದೀಪಕ್ಕೆ ಬರೋಣ. ಮೂರು ಗುರುತುಗಳನ್ನೂ ಒಂದೊಂದಾಗಿ ಹಚ್ಚಿ ನೋಡಿ.

ಕಾಮನಬಿಲ್ಲಿಗೆ ಬೆಳಕು ಬೆನ್ನ ಹಿಂದಿರಬೇಕು. ಅಜ್ಜನಿಗೆ ಬೆಳಕು ಕಣ್ಣೆದುರಿಗೇ ಇದೆ. ಕಾಮನಬಿಲ್ಲು ತಲೆಯ ನೆರಳಿನ ಸುತ್ತ ಎರಡು ಗೇಣು ದೂರದಲ್ಲಿರಬೇಕು. ಅಜ್ಜನ ಬಳೆ ದೀಪವನ್ನೇ ಸುತ್ತಿಕೊಂಡಿದೆ. ಕಾಮನಬಿಲ್ಲು ಪಕ್ಕದವರಿಗೂ ಕಾಣಬೇಕು. ಮೊಮ್ಮಗಳಿಗೆ ಕಾಣುತ್ತಿಲ್ಲ. ಮಳೆಯಂತೂ ಇಲ್ಲವೇ ಇಲ್ಲ.

ಹಾಗಾದರೆ ಬೆಳಕನ್ನು ಬಣ್ಣಗಳಾಗಿ ಒಡೆಯುತ್ತಿರುವುದು ಯಾವುದು? ದೀಪಕ್ಕೂ ಅಜ್ಜನಿಗೂ ನಡುವೆ ಏನೋ ಇರಬೇಕು. ಮಂಜು ಬಿದ್ದ ರಾತ್ರಿ ದೀಪದ ಸುತ್ತ ಬಳೆ ಎಲ್ಲರಿಗೂ ಕಾಣುತ್ತದೆ. ಗಾಳಿಯಲ್ಲಿ ತೇಲುವ ಅತಿ ಸಣ್ಣ ಹನಿಗಳ ಅಂಚಿನಲ್ಲಿ ಬೆಳಕು ಹರಡಿ ಬಣ್ಣ ಬೇರೆಯಾಗುತ್ತದೆ. ಇದಕ್ಕೆ ವಿವರ್ತನೆ ಎಂದು ಹೆಸರು. ತೆಳು ಮೋಡದ ಹಿಂದಿನ ಚಂದ್ರನ ಸುತ್ತ ಹತ್ತಿರದಲ್ಲೇ ಬಣ್ಣದ ಬಳೆ ಕಟ್ಟುವುದೂ ಹೀಗೆಯೇ. ಕನ್ನಡಕದ ಮೇಲೆ ಉಸಿರಿನ ಆವಿ ಕೂತರೂ ಆಗುತ್ತದೆ; ಕನ್ನಡಕ ತೆಗೆದರೆ ಬಳೆ ಹೋಗುತ್ತದೆ. ಮಂಜೂ ಇಲ್ಲ, ಕನ್ನಡಕವೂ ಅಲ್ಲ ಎಂದಾದರೆ ಉಳಿಯುವುದು ಒಂದೇ ಜಾಗ. ಆ ಹನಿಗಳು ಕಣ್ಣಿನೊಳಗೇ ಇರಬಹುದು.

ಕಣ್ಣಿನ ಮುಂಭಾಗದಲ್ಲಿ ಒಂದು ತಿಳಿನೀರು ಹಗಲಿರುಳು ಊರುತ್ತಿರುತ್ತದೆ. ಊರಿದಷ್ಟೂ ಒಂದು ಸಣ್ಣ ಮೂಲೆಯ ಜಾಲರಿಯಿಂದ ಹೊರಗೆ ಹರಿದುಹೋಗುತ್ತದೆ. ಬಚ್ಚಲಿನ ಜಾಲರಿಯ ಹಾಗೆ ಎಂದುಕೊಳ್ಳಿ. ಕೆಲವರಿಗೆ ಈ ಮೂಲೆ ಇಕ್ಕಟ್ಟಾಗಿರುತ್ತದೆ. ಕತ್ತಲಲ್ಲಿ ಕಣ್ಣಿನ ಪಾಪೆ ಅಗಲವಾದಾಗ ಅದರ ಸುತ್ತಲಿನ ಬಣ್ಣದ ಪರದೆ ಮುದುಡಿ ಆ ಇಕ್ಕಟ್ಟು ಮೂಲೆಯನ್ನು ಮುಚ್ಚಿಬಿಡಬಹುದು. ನೀರು ಊರುವುದು ನಿಲ್ಲುವುದಿಲ್ಲ, ಹೊರಗೆ ಹೋಗಲು ದಾರಿಯಿಲ್ಲ. ಕಣ್ಣಿನೊಳಗೆ ಒತ್ತಡ ಏರುತ್ತದೆ. ಸಾಮಾನ್ಯವಾಗಿ ಅದು ಪಾದರಸದ ಲೆಕ್ಕದಲ್ಲಿ 10ರಿಂದ 21 ಮಿಲಿಮೀಟರ್ ಇರಬೇಕು. ಆಗ ಅದನ್ನು ಬಹಳ ಮೀರಬಹುದು. ಒತ್ತಡಕ್ಕೆ ಸಿಕ್ಕ ನೀರು ಕಣ್ಣಿನ ಎದುರಿನ ಪಾರದರ್ಶಕ ಪೊರೆಯೊಳಗೆ, ಅಂದರೆ ಕಾರ್ನಿಯಾದೊಳಗೆ, ಸಣ್ಣಸಣ್ಣ ಹನಿಗಳಾಗಿ ಸೇರಿಕೊಳ್ಳುತ್ತದೆ. ದೀಪದ ಬೆಳಕು ಆ ಹನಿಗಳನ್ನು ಹಾಯ್ದು ಬಣ್ಣದ ಬಳೆಯಾಗುತ್ತದೆ. ಇದು ಗ್ಲಾಕೋಮಾ ಕಾಯಿಲೆಯ ಒಂದು ಬಗೆ. ಮಲಗಿ ನಿದ್ದೆ ಮಾಡಿದಾಗ ಪಾಪೆ ಕಿರಿದಾಗಿ ಮೂಲೆ ಮತ್ತೆ ತೆರೆದುಕೊಳ್ಳಬಹುದು. ಬೆಳಿಗ್ಗೆ ಎಲ್ಲ ಸರಿಯಾಗಿದೆ ಎನಿಸುತ್ತದೆ. ಅದಕ್ಕೇ ಬಹಳ ಮಂದಿ ಇದನ್ನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ.

ದೀಪದ ಸುತ್ತ ಬಳೆ ಕಂಡವರೆಲ್ಲ ಹೆದರಬೇಕಾಗಿಲ್ಲ. ಕಣ್ಣಿನಲ್ಲಿ ಪೊರೆ ಬಂದಾಗಲೂ ಹೀಗಾಗುತ್ತದೆ. ಆರೋಗ್ಯವಂತ ಕಣ್ಣಿಗೂ ಕಗ್ಗತ್ತಲಲ್ಲಿ ಮಸುಕಾದ ಬಳೆ ಕಾಣುವುದುಂಟು. ಆದರೆ ಯಾವುದು ಯಾವುದೆಂದು ಮನೆಯಲ್ಲಿ ಕೂತು ಹೇಳಲಾಗದು. ಕಣ್ಣಿನ ಡಾಕ್ಟರು ಒತ್ತಡ ಅಳೆದು, ಆ ಮೂಲೆಯನ್ನು ನೋಡಿ ಹೇಳಬೇಕು. ಹೊಸದಾಗಿ ಬಳೆ ಕಾಣತೊಡಗಿದರೆ, ಅದರಲ್ಲೂ ಸಂಜೆ ಹೊತ್ತು ಕಣ್ಣುನೋವು, ಹಣೆನೋವು, ಮಬ್ಬು ನೋಟ ಜೊತೆಗಿದ್ದರೆ, ‘ಜಾತ್ರೆ ಮುಗಿಯಲಿ, ಕೊಯ್ಲು ಮುಗಿಯಲಿ’ ಎಂದು ಮುಂದೂಡಬೇಡಿ.

ಇನ್ನೊಂದು ಮಾತು, ಅಜ್ಜ-ಅಜ್ಜಿಯರಿಗೆ. ಇದ್ದಕ್ಕಿದ್ದಂತೆ ಒಂದು ಕಣ್ಣು ಕೆಂಪಾಗಿ, ತಡೆಯಲಾರದ ನೋವು, ತಲೆನೋವು, ವಾಂತಿ, ನೋಟ ಮಂಜು ಆದರೆ ‘ಪಿತ್ತ ಕೆದರಿದೆ’ ಎಂದು ಕಷಾಯ ಕುಡಿದು ಮಲಗಬೇಡಿ. ಆ ಗಂಟೆಯಲ್ಲೇ ಆಸ್ಪತ್ರೆಗೆ ಹೋಗಬೇಕು. ಒತ್ತಡ ಏರಿಯೇ ಇದ್ದರೆ ಕಣ್ಣಿನಿಂದ ಮಿದುಳಿಗೆ ಹೋಗುವ ನರ ಹಾಳಾಗುತ್ತದೆ. ಪೊರೆಯಾದರೆ ಆಪರೇಷನ್ ಮಾಡಿ ನೋಟ ಮರಳಿಸಬಹುದು. ಗ್ಲಾಕೋಮಾದಲ್ಲಿ ಹೋದ ನೋಟ ಮರಳಿ ಬರುವುದಿಲ್ಲ. ಸಕಾಲದಲ್ಲಿ ಹೋದರೆ ಇರುವ ನೋಟವನ್ನು ಉಳಿಸಿಕೊಳ್ಳಬಹುದು. ಬಳೆಯನ್ನೂ ತೋರಿಸದೆ, ನೋವನ್ನೂ ಕೊಡದೆ ಮೆಲ್ಲಗೆ ಬೆಳೆಯುವ ಗ್ಲಾಕೋಮಾ ಕೂಡ ಇದೆ. ಹಾಗಾಗಿ ನಲವತ್ತು ದಾಟಿದವರು, ಮುಖ್ಯವಾಗಿ ಮನೆಯಲ್ಲಿ ಯಾರಿಗಾದರೂ ಈ ಕಾಯಿಲೆ ಇದ್ದವರು, ಕನ್ನಡಕದ ನಂಬರ್ ನೋಡಿಸುವಾಗ ಕಣ್ಣಿನ ಒತ್ತಡವನ್ನೂ ನೋಡಿಸಿಕೊಳ್ಳಿ.

ಆ ಹುಡುಗಿಯಿಂದ ಹೋದ ವಾರ ಎರಡನೇ ಪತ್ರ ಬಂದಿದೆ. ಅಜ್ಜನ ಎರಡೂ ಕಣ್ಣುಗಳ ಮೂಲೆ ಇಕ್ಕಟ್ಟಾಗಿತ್ತಂತೆ, ಒಂದರಲ್ಲಿ ಒತ್ತಡ ಏರಿತ್ತಂತೆ. ಡಾಕ್ಟರು ಕಣ್ಣಿಗೆ ಹನಿ ಹಾಕಿ, ನಂತರ ಲೇಸರಿನಿಂದ ಬಣ್ಣದ ಪರದೆಯಲ್ಲಿ ಸೂಜಿಮೊನೆಯಷ್ಟು ತೂತು ಮಾಡಿ ನೀರಿಗೆ ದಾರಿ ಬಿಡಿಸಿದ್ದಾರೆ. ಅಜ್ಜ ಅಂದೇ ಮನೆಗೆ ಬಂದರಂತೆ. ‘ಇದ್ದ ಒಂದು ಕಾಮನಬಿಲ್ಲನ್ನೂ ಕಿತ್ತುಕೊಂಡೆಯಲ್ಲೇ’ ಎಂದು ಮೊಮ್ಮಗಳನ್ನು ರೇಗಿಸುತ್ತಾರಂತೆ.

ಪತ್ರದಲ್ಲಿ ಇನ್ನೊಂದು ಸಾಲಿತ್ತು. ದೀಪದ ಬಳೆಯ ವಿಷಯ ಅಜ್ಜ ಮಗನಿಗಾಗಲಿ ಸೊಸೆಗಾಗಲಿ ಹೇಳಿರಲೇ ಇಲ್ಲ. ಸುಮ್ಮನೆ ಖರ್ಚು, ಓಡಾಟ ಎಂದು ಇರಬೇಕು. ಮೊಮ್ಮಗಳಿಗೆ ಮಾತ್ರ, ಅದೂ ಕತೆ ಹೇಳುವ ಹಾಗೆ, ಹೇಳಿದ್ದರು. ಮಕ್ಕಳೇ, ದೊಡ್ಡವರಿಗೆ ಹೇಳದ ಎಷ್ಟೋ ಸಂಗತಿಗಳನ್ನು ಅಜ್ಜ-ಅಜ್ಜಿಯರು ನಿಮಗೆ ಹೇಳುತ್ತಾರೆ. ಕೇಳಿಸಿಕೊಂಡದ್ದರಲ್ಲಿ ವಿಚಿತ್ರವೆನಿಸಿದ್ದನ್ನು ‘ಅದು ಯಾಕೆ ಹಾಗೆ?’ ಎಂದು ಕೇಳಿಬಿಡಿ.

ಈ ವಾರದ ಕೆಲಸ

ಮಳೆಗೆ ಕಾಯಬೇಡಿ. ಬಿಸಿಲಿರುವ ಸಂಜೆ ನಾಲ್ಕೂವರೆ ಹೊತ್ತಿಗೆ ಅಂಗಳದಲ್ಲೋ ತೋಟದಲ್ಲೋ ಸೂರ್ಯನಿಗೆ ಬೆನ್ನು ಮಾಡಿ ನಿಲ್ಲಿ. ಮೊದಲು ನೆರಳು ಅಳೆಯಿರಿ, ನಿಮಗಿಂತ ಉದ್ದವಿದೆಯೇ? ಗಿಡಗಳಿಗೆ ನೀರು ಬಿಡುವ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ತುಂತುರು ಎಬ್ಬಿಸಿ. ಗಿಡಗಳ ಮೇಲೇ ಬೀಳಲಿ, ನೀರು ದಂಡವಾಗುವುದು ಬೇಡ. ಹಿಂದೆ ಏನಾದರೂ ಕಪ್ಪನೆಯ ಗೋಡೆಯೋ ಮರದ ನೆರಳೋ ಇದ್ದರೆ ಬಣ್ಣ ಚೆನ್ನಾಗಿ ಕಾಣುತ್ತದೆ. ತಲೆಯ ನೆರಳಿನಿಂದ ಎರಡು ಗೇಣು ಅಳೆದು ಬಿಲ್ಲು ಅಲ್ಲೇ ಇದೆಯೇ ನೋಡಿ. ಆಮೇಲೆ ಅಜ್ಜನನ್ನೋ ಅಜ್ಜಿಯನ್ನೋ ಪಕ್ಕಕ್ಕೆ ಕರೆದು, ಅವರ ಬಿಲ್ಲು ಯಾವ ಗಿಡದ ಮೇಲೆ ನಿಂತಿದೆ, ನಿಮ್ಮದು ಯಾವ ಗಿಡದ ಮೇಲೆ ಎಂದು ಹೋಲಿಸಿ.

ರಾತ್ರಿ ಒಂದು ಸಣ್ಣ ಕೆಲಸವಿದೆ. ಅಜ್ಜ-ಅಜ್ಜಿಯರ ಜೊತೆ ಬಾಗಿಲಲ್ಲಿ ನಿಂತು ಬೀದಿದೀಪ ನೋಡಿ. ‘ನಿಮಗೇನು ಕಾಣುತ್ತದೆ?’ ಎಂದು ಕೇಳಿ. ಬಳೆ ಕಾಣುತ್ತದೆ ಎಂದರೆ ಕನ್ನಡಕ ಒರೆಸಿ ಮತ್ತೆ ನೋಡಲು ಹೇಳಿ. ನಂತರ ಬೆರಳು ಅಡ್ಡ ಹಿಡಿದು ದೀಪವನ್ನಷ್ಟೇ ಮರೆಮಾಡಲು ಹೇಳಿ. ಬಳೆ ಹೊರಗಿನ ಮಂಜಿನದಾದರೆ ಬೆರಳಿನ ಸುತ್ತ ಉಳಿಯುತ್ತದೆ. ಕಣ್ಣಿನೊಳಗಿನದಾದರೆ ದೀಪ ಮರೆಯಾದೊಡನೆ ಅದೂ ಮಾಯವಾಗುತ್ತದೆ. ಮಾಯವಾದರೆ ಮನೆಯ ದೊಡ್ಡವರಿಗೆ ಅಂದೇ ತಿಳಿಸಿ. ಮಾಯವಾಗದಿದ್ದರೂ ಅನುಮಾನವಿದ್ದರೆ ಡಾಕ್ಟರಿಗೆ ತೋರಿಸುವುದೇ ಸರಿ.

ಸಂಜೆಯ ಬಿಲ್ಲು ಹೇಗೆ ಬಂತೆಂದು ಒಂದು ಕಾರ್ಡಿನಲ್ಲಿ ಬರೆದು ಕಳಿಸಿ. ನೆರಳಿನ ಅಳತೆ, ಹೊತ್ತು, ನಿಮ್ಮೂರಿನ ಹೆಸರು ಇರಲಿ.